ಕೊಲೆಯ ಲೆಕ್ಕ ಮತ್ತು ಭಯದ ಬಡ್ಡಿ

ನಮ್ಮ ಅಥಣಿ, ಕೊಕಟನೂರ ಕಡೆಯ ಯಾವ ಚಹದಂಗಡಿಯಲ್ಲಿ ಕುಳಿತರೂ ಎರಡು ವಿಷಯಗಳ ಚರ್ಚೆ ತಪ್ಪುವದಿಲ್ಲ: ಒಂದು ಕಬ್ಬಿನ ದರ, ಇನ್ನೊಂದು ಪಟ್ಟಣಗಳಲ್ಲಿ ಆಗುವ ಖೂನಿ. ಕಬ್ಬಿನ ವಿಷಯದಲ್ಲಿ ನಮ್ಮ ರೈತ ಬಲು ಜಾಣ. ಟನ್ನಿಗೆ ಎಷ್ಟು, ಇಳುವರಿ ಎಷ್ಟು, ಕಾರ್ಖಾನೆಯವರು ಉಳಿಸಿಕೊಂಡ ಬಾಕಿ ಎಷ್ಟು ಎಂಬುದನ್ನು ಬೆರಳ ತುದಿಯಲ್ಲಿ ಹೇಳುತ್ತಾನೆ. ಯಾರಾದರೂ ಬಾಯಿಗೆ ಬಂದ ಅಂಕಿ ಹೇಳಿದರೆ ಅಲ್ಲಿಯೇ ಹಿಡಿದು ನಿಲ್ಲಿಸುತ್ತಾನೆ. ಅದೇ ಮನುಷ್ಯ ಖೂನಿಯ ಮಾತು ಬಂದೊಡನೆ ಲೆಕ್ಕವನ್ನು ಕಟ್ಟಿಟ್ಟು, “ದಿನಾ ನೋಡಾಕತ್ತೀವಲ್ರೀ, ಪ್ಯಾಟ್ಯಾಗ ಮನಷ್ಯಾರು ಬದುಕೂ ಹಂಗಿಲ್ಲ” ಎಂದುಬಿಡುತ್ತಾನೆ. ಹೀಗೆ ಹೇಳುವವರು ಅಂಗಡಿಯ ಕಟ್ಟೆಯ ಮೇಲಿನವರು ಮಾತ್ರವೆಂದು ವಾಚಕರು ತಿಳಿಯಬಾರದು. ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿಯೂ ಇದೇ ಮಾತು. ಬೆಳಗಾವಿಯ ವಕೀಲರ ಮನೆಯಲ್ಲಿಯೂ ಇದೇ ಮಾತು. ವಿಧಾನಸಭೆಯಲ್ಲಿಯಂತೂ, ಯಾವ ಪಕ್ಷ ವಿರೋಧದಲ್ಲಿರುತ್ತದೆಯೋ ಆ ಪಕ್ಷದ ಬಾಯಲ್ಲಿ ಇದೇ ಮಾತು.

ಈ ಮಾತು ಸುಳ್ಳೆಂದು ನಾನು ಹೇಳುತ್ತೇನೆ. ಸುಳ್ಳಾಗಿರುವದಲ್ಲದೆ ಇದು ದುಬಾರಿಯ ಸುಳ್ಳು. ಅದರ ಬೆಲೆಯನ್ನು ಹೇಳಿದವರು ತೆರುವದಿಲ್ಲ, ಬೇರೆಯವರು ತೆರುತ್ತಾರೆ ಎಂದೂ ಹೇಳುತ್ತೇನೆ. ನಾನು ಪೊಲೀಸನಲ್ಲ, ಸಂಖ್ಯಾಶಾಸ್ತ್ರಜ್ಞನೂ ಅಲ್ಲ. ಕನ್ನಡ ಪಾಠ ಹೇಳುವವನು. ಆದರೆ ಕೂಡಿಸುವದು ಭಾಗಿಸುವದು ನನಗೂ ಬರುತ್ತದೆ, ವಾಚಕರಿಗೂ ಬರುತ್ತದೆ. ಮೊದಲು ಅದನ್ನು ಮಾಡಿ ನೋಡೋಣ.

ನಮ್ಮ ದೇಶದಲ್ಲಿ ಅಪರಾಧಗಳ ಅಂಕಿಗಳು 1953ರಿಂದ ವರ್ಷವರ್ಷವೂ ದೊರೆಯುತ್ತವೆ. ಆ ವರ್ಷ ದಾಖಲಾದ ಕೊಲೆಗಳು 9,802. ಲಕ್ಷ ಜನರಿಗೆ ಎರಡೂವರೆಯ ಮೇಲೆ ಸ್ವಲ್ಪ. “ಆಗಿನ ಕಾಲ ಎಂಥ ಒಳ್ಳೆಯ ಕಾಲ” ಎಂದು ಹಿರಿಯರು ನಿಟ್ಟುಸಿರು ಬಿಡುವ ಕಾಲವದು. ಅಲ್ಲಿಂದ ಏರುತ್ತ ಹೋಗಿ 1992ರಲ್ಲಿ ಸಂಖ್ಯೆ 40,105ಕ್ಕೆ ಮುಟ್ಟಿತು, ಲಕ್ಷಕ್ಕೆ 4.6. ಅದೇ ಶಿಖರ. ಆಮೇಲೆ ಇಳಿಯತೊಡಗಿತು. 2022ರಲ್ಲಿ 28,522, ಲಕ್ಷಕ್ಕೆ 2.1, 2023ರಲ್ಲಿ 27,721. ಜನಸಂಖ್ಯೆ ಈ ನಡುವೆ ಎಷ್ಟು ಬೆಳೆಯಿತೆಂಬುದು ಎಲ್ಲರಿಗೂ ಗೊತ್ತು. ಅಂದರೆ, ಇಂದಿನ ಭಾರತದಲ್ಲಿ ಒಬ್ಬ ಮನುಷ್ಯ ಕೊಲೆಯಾಗುವ ಸಂಭವ ಮೂವತ್ತು ವರ್ಷಗಳ ಹಿಂದೆ ಇದ್ದುದರ ಅರ್ಧಕ್ಕಿಂತಲೂ ಕಡಿಮೆಯಾಗಿದೆ. ನಮ್ಮ ಅಜ್ಜಂದಿರ ‘ಒಳ್ಳೆಯ ಕಾಲ’ಕ್ಕಿಂತಲೂ ಕಡಿಮೆಯಾಗಿದೆ. ವಿಶ್ವಸಂಸ್ಥೆಯವರು 2021ನೆಯ ವರ್ಷಕ್ಕೆ ತೆಗೆದ ಲೆಕ್ಕದಲ್ಲಿ ಜಗತ್ತಿನ ಸರಾಸರಿ ಲಕ್ಷಕ್ಕೆ 5.8 ಇತ್ತು. ನಾವು ಅದರ ಅರ್ಧದ ಆಜುಬಾಜು ಇದ್ದೇವೆ.

“ಅದೆಲ್ಲ ದೇಶದ ಲೆಕ್ಕವಾಯಿತು, ನಗರಗಳ ಗತಿ ಏನು?” ಎಂದು ಕೇಳಬಹುದು. ಸರಿಯಾದ ಪ್ರಶ್ನೆ. 2022ರಲ್ಲಿ ಬೆಂಗಳೂರಿನಲ್ಲಿ ದಾಖಲಾದ ಕೊಲೆಗಳು 173. ಒಂದೇ ಊರಲ್ಲಿ ನೂರಾ ಎಪ್ಪತ್ತಮೂರು ಎಂದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಊರಲ್ಲಿ ಎಷ್ಟು ಜನ? ಸರಕಾರದ ಅಪರಾಧ ದಾಖಲೆಯ ಪುಸ್ತಕದಲ್ಲಿ ಮಹಾನಗರಗಳಿಗೆ 2011ರ ಜನಗಣತಿಯ ಸಂಖ್ಯೆಯನ್ನೇ ಹಿಡಿಯುತ್ತಾರೆ. ಬೆಂಗಳೂರಿಗೆ ಅದು 85 ಲಕ್ಷ. ಭಾಗಿಸಿದರೆ ಲಕ್ಷಕ್ಕೆ 2 ಬರುತ್ತದೆ. ದೇಶದ ಸರಾಸರಿಯೂ ಅಷ್ಟೇ. 2021ರಲ್ಲಿ ಆಗಬೇಕಾಗಿದ್ದ ಜನಗಣತಿ ಆಗಲಿಲ್ಲ. ಈ ನಡುವೆ ಬೆಂಗಳೂರು ಹೇಗೆ ಊದಿಕೊಂಡಿದೆಯೆಂಬುದನ್ನು ಅಲ್ಲಿ ಒಂದು ಸಲ ಬಸ್ಸು ಹತ್ತಿದವನಿಗೂ ಹೇಳಬೇಕಾಗಿಲ್ಲ. ಇಂದಿನ ಜನಸಂಖ್ಯೆಯಿಂದ ಭಾಗಿಸಿದರೆ ಪ್ರಮಾಣ ಇನ್ನೂ ಕೆಳಗಿಳಿಯುವದು ನಿಶ್ಚಯ. ಅದೇ ವರ್ಷ ಮುಂಬಯಿಯಲ್ಲಿ 135 ಕೊಲೆಗಳಾದವು. ಅಲ್ಲಿ ಪ್ರಮಾಣ ಲಕ್ಷಕ್ಕೆ ಒಂದೂ ಆಗುವದಿಲ್ಲ. ದಿಲ್ಲಿಯಲ್ಲಿ 501, ಅಲ್ಲಿ ಪ್ರಮಾಣ ಲಕ್ಷಕ್ಕೆ ಮೂರು. ನಗರವೆಂದರೆ ಕೊಲೆಗಡುಕರ ಬೀಡು, ಹಳ್ಳಿಯೆಂದರೆ ಶಾಂತಿಯ ತೊಟ್ಟಿಲು ಎಂಬ ನಮ್ಮ ನಂಬಿಗೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ.

ಇಲ್ಲಿ ಜಾಣರೊಬ್ಬರು ಎದ್ದು, “ಪೊಲೀಸರ ಅಂಕಿಗಳನ್ನು ನಂಬುವವನು ಮೂರ್ಖ” ಎನ್ನುವರೆಂದು ನನಗೆ ಗೊತ್ತು. ಬಹುಮಟ್ಟಿಗೆ ಅವರ ಮಾತು ನಿಜ. ಕಳವು, ಹೊಡೆದಾಟ, ಹೆಣ್ಣುಮಕ್ಕಳ ಮೇಲಿನ ಕಿರುಕುಳ ಇವುಗಳಲ್ಲಿ ಎಷ್ಟೋ ಫಿರ್ಯಾದುಗಳು ಠಾಣೆಯ ಮೆಟ್ಟಿಲು ಹತ್ತುವದೇ ಇಲ್ಲ; ಹತ್ತಿದವುಗಳಲ್ಲಿ ಎಷ್ಟೋ “ರಾಜಿ ಮಾಡಿಕೊಳ್ಳಿರಿ” ಎಂಬ ಉಪದೇಶದೊಂದಿಗೆ ಕೆಳಗಿಳಿದು ಬರುತ್ತವೆ. ಆದರೆ ಕೊಲೆಯ ಸಂಗತಿ ಬೇರೆ. ಅಲ್ಲಿ ಒಂದು ಹೆಣ ಬಿದ್ದಿರುತ್ತದೆ. ಹೆಣವನ್ನು ಬರೆಯದೆ ಬಿಡುವದು ಯಾವ ಫೌಜದಾರನಿಗೂ ಸುಲಭವಲ್ಲ. ಆದುದರಿಂದಲೇ ಜಗತ್ತಿನ ಎಲ್ಲ ಕಡೆಗೂ ಬೇರೆ ಬೇರೆ ಕಾಲ ದೇಶಗಳನ್ನು ಹೋಲಿಸಬೇಕಾದರೆ ತಿಳಿದವರು ಕೊಲೆಯ ಅಂಕಿಯನ್ನೇ ಎತ್ತಿಕೊಳ್ಳುತ್ತಾರೆ. ಅದರಲ್ಲಿಯೂ ತೂತುಗಳಿವೆ, ಆ ತೂತು ಎಲ್ಲಿದೆಯೆಂಬುದನ್ನು ಮುಂದೆ ಹೇಳುತ್ತೇನೆ. ಅದು ಈ ಜಾಣರು ಬೆರಳು ತೋರಿಸುವ ಕಡೆಗೆ ಇಲ್ಲವೆಂಬುದಷ್ಟೇ ಈಗ ಸಾಕು.

ಇನ್ನೊಂದು ಚಮತ್ಕಾರವನ್ನು ನೋಡಿರಿ. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರಲ್ಲಿಯೇ ಒಂಬತ್ತು ಲಕ್ಷ ದಾಟಿತ್ತು. ಈಗ ಹತ್ತು ಲಕ್ಷವೆಂದು ಹಿಡಿಯೋಣ. ದೇಶದ ಸರಾಸರಿಯಂತೆ ಅಂಥ ಊರಲ್ಲಿ ವರ್ಷಕ್ಕೆ ಇಪ್ಪತ್ತರಷ್ಟು ಕೊಲೆಗಳು ಆಗಬಹುದು. ಇಷ್ಟು ಸಣ್ಣ ಸಂಖ್ಯೆಯು ಏನೂ ಕಾರಣವಿಲ್ಲದೆಯೂ ಒಂದು ವರ್ಷ ಹದಿನಾರಕ್ಕೆ ಇಳಿಯಬಹುದು, ಮತ್ತೊಂದು ವರ್ಷ ಇಪ್ಪತ್ನಾಲ್ಕಕ್ಕೆ ಏರಬಹುದು. ಮಳೆಯ ದಿನಗಳು ಒಂದು ತಿಂಗಳು ಹೆಚ್ಚು ಒಂದು ತಿಂಗಳು ಕಡಿಮೆ ಆಗುವಂತೆಯೇ ಇದು. ಆದರೆ ಹದಿನಾರು ಇಪ್ಪತ್ನಾಲ್ಕಾದ ವರ್ಷ “ಕೊಲೆಗಳಲ್ಲಿ ಶೇಕಡಾ 50 ಏರಿಕೆ” ಎಂದು ದಪ್ಪ ಅಕ್ಷರದ ತಲೆಬರಹ ಬರುತ್ತದೆ. ವಿರೋಧಪಕ್ಷದವರು ಮಂತ್ರಿಯ ರಾಜೀನಾಮೆ ಬೇಡುತ್ತಾರೆ. ಮರುವರ್ಷ ಅದು ತಾನಾಗಿಯೇ ಇಳಿದಾಗ ಮಂತ್ರಿಗಳು ತಮ್ಮ ದಕ್ಷತೆಯಿಂದ ಇಳಿಯಿತೆಂದು ಬೆನ್ನು ತಟ್ಟಿಕೊಳ್ಳುತ್ತಾರೆ. ಬೈದವರಿಗೂ ಆಧಾರವಿರಲಿಲ್ಲ, ಹೊಗಳಿಕೊಂಡವರಿಗೂ ಆಧಾರವಿಲ್ಲ. ನಡುವೆ ನಿಂತು ಹೆದರಿದವನು ಮಾತ್ರ ನಿಜವಾಗಿಯೇ ಹೆದರಿದನು.

ಇನ್ನು 2024ರ ಬೇಸಿಗೆಗೆ ಬರುತ್ತೇನೆ. ನಮ್ಮ ಕಡೆಯವರ ಮನಸ್ಸಿನಲ್ಲಿ ಈ ಭಯ ಬೇರು ಬಿಟ್ಟದ್ದು ಆಗಲೇ. ಆ ವರ್ಷದ ಏಪ್ರಿಲ್ 18ರಂದು ಹುಬ್ಬಳ್ಳಿಯ ಹೆಸರಾಂತ ತಾಂತ್ರಿಕ ವಿದ್ಯಾಲಯದ ಆವರಣದಲ್ಲಿಯೇ ಒಬ್ಬ ವಿದ್ಯಾರ್ಥಿನಿಯನ್ನು ಇರಿದು ಕೊಂದರು. ಆರೋಪಿ ಆಕೆಯ ಸಹಪಾಠಿಯಾಗಿದ್ದವನು. ಆಕೆಯ ಧರ್ಮ ಒಂದು, ಅವನದು ಇನ್ನೊಂದು. ಲೋಕಸಭೆಯ ಚುನಾವಣೆಯ ಪ್ರಚಾರ ಜೋರಾಗಿದ್ದ ಕಾಲ. ದೊಡ್ಡ ದೊಡ್ಡವರು ದಿಲ್ಲಿಯಿಂದ ಬಂದರು, ಬೆಂಗಳೂರಿನಿಂದ ಬಂದರು. ಊರೂರಿಗೆ ಬಂದ್ ಆಯಿತು. ಆ ತಂದೆತಾಯಿಗಳ ಸಂಕಟವನ್ನು ಅಳೆಯುವ ಅಧಿಕಾರ ಯಾರಿಗೂ ಇಲ್ಲ. ನಾನು ಅದನ್ನು ಅಳೆಯುತ್ತಿಲ್ಲ. ನಾನು ಅಳೆಯುವದು ಗದ್ದಲವನ್ನು.

ಯಾಕಂದರೆ ಮರುದಿನ, ಏಪ್ರಿಲ್ 19ರ ನಸುಕಿನಲ್ಲಿ, ಹುಬ್ಬಳ್ಳಿಯಿಂದ ಅರುವತ್ತು ಕಿಲೋಮೀಟರು ದೂರವೂ ಇಲ್ಲದ ಗದಗಿನಲ್ಲಿ, ಒಂದೇ ಮನೆಯೊಳಗೆ ಮಲಗಿದ್ದ ನಾಲ್ಕು ಜನರನ್ನು ಕೊಂದುಹಾಕಿದರು. ಅವರಲ್ಲಿ ಮೂವರು ಆ ಮನೆಗೆ ಬಂದಿದ್ದ ನೆಂಟರು. ಒಬ್ಬಳು ಹದಿನಾರರ ಹುಡುಗಿ. ಮೂರು ನಾಲ್ಕು ದಿನಗಳಲ್ಲಿ ಪೊಲೀಸರು ಹೇಳಿದ್ದೇನು? ಆಸ್ತಿಯ ಜಗಳಕ್ಕಾಗಿ ಆ ಮನೆಯ ಮಗನೇ ಸುಪಾರಿ ಕೊಟ್ಟಿದ್ದನೆಂದು. ಹಿಂದಿನ ದಿನ ಒಂದು, ಮರುದಿನ ನಾಲ್ಕು. ಸಂಖ್ಯೆಯೇ ಮುಖ್ಯವಾಗಿದ್ದರೆ ಗದಗಿನ ಮನೆಯ ಮುಂದೆ ನಾಲ್ಕು ಪಟ್ಟು ಮುಖಂಡರು ನಿಲ್ಲಬೇಕಾಗಿತ್ತು. ಆದರೆ ಆರೋಪ ಮನೆಯವನ ಮೇಲೆಯೇ ತಿರುಗಿದೊಡನೆ ಆ ಸುದ್ದಿಯ ಕಾವು ಆರಿತು. ಆಸ್ತಿಗಾಗಿ ಮನೆಯವನೇ ಕೊಲ್ಲಿಸಿದನೆಂಬ ಸಂಗತಿಯಿಂದ ಯಾವ ಪಕ್ಷಕ್ಕೂ ಒಂದು ಮತವೂ ದೊರೆಯುವ ಹಾಗಿರಲಿಲ್ಲ.

ಮೂರನೆಯದನ್ನೂ ಕೇಳಿರಿ. ಮೇ 7ರಂದು ನಮ್ಮ ಕಡೆಯ ಮತದಾನ ಮುಗಿಯಿತು. ಎಂಟು ದಿನದ ಮೇಲೆ, ಮೇ 15ರ ಬೆಳಗಿನ ಜಾವ, ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ ಒಬ್ಬ ಬಡ ತರುಣಿಯನ್ನು ಆಕೆಯ ಮನೆಗೇ ನುಗ್ಗಿ ಇರಿದು ಕೊಂದರು. ಆಕೆಗೆ ಬೆದರಿಕೆ ಇತ್ತೆಂಬುದನ್ನು ಮನೆಯವರು ಮುಂಚೆಯೇ ಪೊಲೀಸರಿಗೆ ತಿಳಿಸಿದ್ದರು, ಅವರು ಲಕ್ಷ್ಯ ಕೊಡಲಿಲ್ಲ ಎಂಬ ದೂರು ಎದ್ದಿತು; ಠಾಣೆಯ ಅಧಿಕಾರಿ ಅಮಾನತುಗೊಂಡರು. ಪ್ರತಿಭಟನೆಗಳು ಆಗಲೇ ಇಲ್ಲವೆಂದು ನಾನು ಹೇಳುವದಿಲ್ಲ, ಆದವು. ಆದರೆ ಏಪ್ರಿಲಿನ ಕೊಲೆ ದೇಶದ ಕೊಲೆಯಾಗಿತ್ತು, ಮೇ ತಿಂಗಳಿನದು ಓಣಿಯ ಕೊಲೆಯಾಗಿ ಉಳಿಯಿತು. ಸರಕಾರವನ್ನು ನಿಜವಾಗಿಯೂ ಹಿಡಿದು ಕೇಳಬಹುದಾದ ಪ್ರಶ್ನೆ ಇದ್ದದ್ದು ಈ ಮೂರನೆಯದರಲ್ಲಿ: ಬೆದರಿಕೆಯ ಮಾತು ಹೇಳಿಕೊಂಡು ಬಡವರ ಮನೆಯ ಹೆಂಗಸು ಠಾಣೆಗೆ ಬಂದರೆ ಏನು ಮಾಡುತ್ತೀರಿ? ಆ ಪ್ರಶ್ನೆಯನ್ನು ಹಿಡಿದು ತಿಂಗಳುಗಟ್ಟಲೆ ಕುಳಿತವರು ಯಾರೂ ನನಗೆ ಕಾಣಲಿಲ್ಲ.

ನಾನು ಒಂದು ಪಕ್ಷವನ್ನು ಹೊಡೆಯಲು ಇನ್ನೊಂದರ ಕೋಲು ಎತ್ತಿಕೊಂಡಿದ್ದೇನೆಂದು ಯಾರೂ ಸಂಶಯ ಪಡಬಾರದು. 2022ರ ಜುಲೈ ತಿಂಗಳಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನಗಳೊಳಗೆ ಮೂವರು ತರುಣರು ಕೊಲೆಯಾದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅವರಲ್ಲಿ ಒಬ್ಬನ ಮನೆಗೆ ಮಾತ್ರ ಹೋದರು, ಪರಿಹಾರ ಕೊಟ್ಟರು. ಆಗ ಕಾನೂನು ಸುವ್ಯವಸ್ಥೆ ಸತ್ತಿತೆಂದು ಕೂಗಿದವರು ಕಾಂಗ್ರೆಸ್ಸಿನವರು. ಅಧಿಕಾರಕ್ಕೆ ಬಂದಮೇಲೆ, 2023ರಲ್ಲಿ, ಬಿಟ್ಟುಹೋದ ಮನೆಗಳಿಗೆ ಅವರು ಪರಿಹಾರ ಕೊಟ್ಟರು. ಅದೇ 2023ರ ಜುಲೈದಲ್ಲಿ ನಮ್ಮ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ನಂದಿಪರ್ವತ ಆಶ್ರಮದ ಜೈನಮುನಿ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಕೊಲೆಯಾಯಿತು. ರಾಯಬಾಗ ತಾಲೂಕಿನ ಖಟಕಬಾವಿಯ ಪಾಳುಬಿದ್ದ ಕೊಳವೆ ಬಾವಿಯಿಂದ ಅವರ ದೇಹದ ತುಂಡುಗಳನ್ನು ತೆಗೆದರು. ಆ ವಾರ ನಮ್ಮ ಕಡೆ ಒಲೆ ಹೊತ್ತದ ಮನೆಗಳಿದ್ದವು. ಕಾರಣ ಹಣಕಾಸಿನ ವ್ಯವಹಾರವೆಂದು ಪೊಲೀಸರು ಹೇಳಿದರು. ಇಷ್ಟರಲ್ಲಿ ಬೆಂಗಳೂರಿನಲ್ಲಿ, ಬಂಧಿಸಲ್ಪಟ್ಟ ಇಬ್ಬರಲ್ಲಿ ಯಾರ ಹೆಸರು ಮೊದಲು ಹೊರಬಿತ್ತು, ಯಾರ ಹೆಸರು ತಡವಾಯಿತು, ತನಿಖೆ ಸಿಬಿಐಗೋ ಸಿಐಡಿಗೋ ಎಂಬುದರ ಮೇಲೆ ಕದನ ನಡೆದಿತ್ತು. ಸರಕಾರ ಕೊನೆಗೆ ಸಿಐಡಿಗೆ ಒಪ್ಪಿಸಿತು. ಮುನಿಗಳ ದೇಹಕ್ಕೆ ಅಂತ್ಯಸಂಸ್ಕಾರವಾದರೂ ಅವರ ಸಾವು ಎರಡು ಪಕ್ಷಗಳ ನಡುವಿನ ಹಗ್ಗಜಗ್ಗಾಟದಲ್ಲಿ ಸಿಕ್ಕಿಕೊಂಡಿತು. ಅದು ನಗರದ ಕೊಲೆಯಲ್ಲ. ಬಾವಿ ಗದ್ದೆಗಳ ನಡುವಿನ ಹಳ್ಳಿಯದು. ಆದರೂ ‘ಪ್ಯಾಟಿಯ ಭಯ’ದ ಪಟ್ಟಿಯಲ್ಲಿ ಅದನ್ನೂ ಸೇರಿಸಿ ಹೇಳುವವರನ್ನು ನಾನು ಕೇಳಿದ್ದೇನೆ.

ಈ ರೋಗ ನಮ್ಮೊಬ್ಬರದೇ ಅಲ್ಲ. ಅಮೇರಿಕದ ನ್ಯೂಯಾರ್ಕಿನಲ್ಲಿ 1990ರಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾಗಿದ್ದವು; 2017ರಲ್ಲಿ 300ಕ್ಕೂ ಕಡಿಮೆ ಆದವು. ಆ ದೇಶದಲ್ಲಿ ಅಪರಾಧ ಹೀಗೆ ಇಳಿಯುತ್ತಿದ್ದ ಕಾಲದಲ್ಲಿಯೂ ಜನಮತ ಕೇಳುವವರು ಹೋಗಿ ಕೇಳಿದಾಗಲೆಲ್ಲ ಹೆಚ್ಚಿನವರು ದೇಶದಲ್ಲಿ ಅಪರಾಧ ಏರುತ್ತಿದೆಯೆಂದೇ ಹೇಳುತ್ತಿದ್ದರು. ನಿಮ್ಮ ಮನೆಯ ಆಸುಪಾಸಿನಲ್ಲಿ ಹೇಗೆ ಎಂದರೆ ಮಾತ್ರ ಹಾಗೆ ಹೇಳುವವರ ಸಂಖ್ಯೆ ತಗ್ಗುತ್ತಿತ್ತು. ವಾಷಿಂಗ್ಟನ್ ನಗರದಲ್ಲಿ 2023ರಲ್ಲಿ 274 ಇದ್ದ ಕೊಲೆಗಳು 2024ರಲ್ಲಿ 187ಕ್ಕೆ ಇಳಿದಿದ್ದವು. ಹಾಗಿದ್ದೂ 2025ರ ಆಗಸ್ಟಿನಲ್ಲಿ ಅಧ್ಯಕ್ಷ ಟ್ರಂಪರು ಅಲ್ಲಿ ಅಪರಾಧದ ತುರ್ತು ಪರಿಸ್ಥಿತಿ ಸಾರಿ ಸೈನಿಕರನ್ನು ಬೀದಿಗಿಳಿಸಿದರು. ಒಂದು ಮಾತನ್ನು ಒಪ್ಪಬೇಕು: ಇಳಿದ ಮೇಲೆಯೂ ಆ ಊರಿನ ಪ್ರಮಾಣ ನಮ್ಮ ಬೆಂಗಳೂರಿನ ಹತ್ತು ಪಟ್ಟಿಗಿಂತ ಹೆಚ್ಚು. ಅವರ ಭಯಕ್ಕೆ ಅಷ್ಟಾದರೂ ಆಧಾರವಿದೆ. ನಾನೂ ನನ್ನ ಸಹೋದ್ಯೋಗಿಗಳಿಗೆ ಅದೇ ಪ್ರಶ್ನೆ ಹಾಕಿ ನೋಡಿದೆನು: “ನಿಮ್ಮ ಓಣಿಯಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಖೂನಿ ಆದವು?” ಒಬ್ಬರೂ ಒಂದನ್ನು ಹೇಳಲಿಲ್ಲ. “ನಮ್ಮಲ್ಲಿಲ್ಲರೀ, ಹುಬ್ಬಳ್ಳಿಯಲ್ಲಿ” ಎಂದರು. ಹುಬ್ಬಳ್ಳಿಯವರನ್ನು ಕೇಳಿದರೆ ಬೆಂಗಳೂರಿನ ಕಡೆಗೆ ಕೈ ತೋರಿಸುತ್ತಾರೆ.

ಹಾಗಾದರೆ ಕೊಲ್ಲುವವರು ಯಾರು? ನಮ್ಮ ಆಡುಮಾತಿನಲ್ಲಿ ಒಂದು ವಿಚಿತ್ರ ಹೊಂದಿಕೆ ಇದೆ. ಕೊಲೆಗೆ ನಾವು ‘ಖೂನಿ’ ಎನ್ನುತ್ತೇವೆ. ಅದು ಫಾರಸಿಯಿಂದ ಬಂದದ್ದು, ಮೂಲಾರ್ಥ ರಕ್ತ. ಗುರುತಿಗೆ ‘ಖೂನ’ ಎನ್ನುತ್ತೇವೆ. ಅದು ಮರಾಠಿಯಿಂದ ಬಂದದ್ದು. ಎರಡೂ ಬೇರೆ ಬೇರೆ ಶಬ್ದಗಳು. ಆದರೆ ಅಂಕಿಗಳನ್ನು ನೋಡಿದರೆ ಖೂನಿ ಮಾಡುವವನು ಬಹುಶಃ ಖೂನದವನೇ ಆಗಿರುತ್ತಾನೆ. 2022ರ ಕೊಲೆಗಳಲ್ಲಿ ಕಾರಣವೆಂದು ಬರೆದದ್ದನ್ನು ನೋಡಿರಿ: ಜಗಳ ತಂಟೆಗಳಿಂದ ಆದವು 9,962, ವೈಯಕ್ತಿಕ ಹಗೆಯಿಂದ ಆದವು 3,761, ಲಾಭಕ್ಕಾಗಿ ಮಾಡಿದವು 1,884. ಜಗಳಕ್ಕೂ ಹಗೆಗೂ ಪರಿಚಯ ಬೇಕು. ಮುಖ ನೋಡದ ಮನುಷ್ಯನ ಕೂಡ ಹೊಲದ ಬದುವಿನ ತಂಟೆ ಆಗುವದಿಲ್ಲ. ಕತ್ತಲೆಯ ಸಂದಿಯಲ್ಲಿ ಕಾದು ಕುಳಿತ ಅಪರಿಚಿತನೊಬ್ಬನನ್ನು ನಾವು ಕಲ್ಪಿಸಿಕೊಂಡು ಹೆದರುತ್ತೇವೆ. ಆದರೆ ಅಪಾಯ ಬಹಳ ಸಲ ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ, ಸಾಲದ ಚೀಟಿಯಲ್ಲಿ, ‘ನನಗೆ ಸಿಗದವಳು’ ಎಂಬ ಗಂಡಸಿನ ಹಟದಲ್ಲಿ ಇರುತ್ತದೆ. ಹುಬ್ಬಳ್ಳಿಯ ಎರಡು ಕೊಲೆಗಳಲ್ಲಿಯೂ ಆರೋಪಿಗಳು ಪರಿಚಯದವರೇ.

ಹೆಂಗಸರ ಮಟ್ಟಿಗೆ ಈ ಮಾತು ಇನ್ನೂ ಕಠೋರ. ಜಗತ್ತಿನಲ್ಲಿ 2022ರಲ್ಲಿ ಕೊಲೆಯಾದ ಸುಮಾರು 89 ಸಾವಿರ ಹೆಂಗಸರಲ್ಲಿ ನೂರಕ್ಕೆ 55 ಜನರನ್ನು ಕೊಂದವರು ಗಂಡ, ಸಂಗಾತಿ ಇಲ್ಲವೆ ಮನೆಯ ಇತರರು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ; ಗಂಡಸರಲ್ಲಿ ಹೀಗೆ ಸಾಯುವವರು ನೂರಕ್ಕೆ 12. ಅಂಕಿಗಳಲ್ಲಿ ತೂತಿದೆಯೆಂದು ಹಿಂದೆ ಹೇಳಿದೆನಲ್ಲ, ಆ ತೂತು ಇರುವದು ಇಲ್ಲಿಯೇ. ನಮ್ಮಲ್ಲಿ ವರದಕ್ಷಿಣೆಯ ಸಾವುಗಳನ್ನು ಕೊಲೆಯ ಪಟ್ಟಿಯಲ್ಲಿ ಸೇರಿಸುವದಿಲ್ಲ. ಅವಕ್ಕೆ ಬೇರೆಯ ಕಲಮು, ಬೇರೆಯ ಕಟ್ಟು. 2022ರಲ್ಲಿ ಅವು 6,450. ಅಂದರೆ ದಿನಕ್ಕೆ ಹದಿನೇಳು ಹದಿನೆಂಟು. ಸ್ಟೋವು ಸಿಡಿಯಿತು, ಬಾವಿಗೆ ಕಾಲು ಜಾರಿತು ಎಂದು ಬರೆಸಿ ಮುಗಿಸಿದವು ಎಷ್ಟೋ, ಅವು ಯಾವ ಕಟ್ಟಿನಲ್ಲಿಯೂ ಇಲ್ಲ. ಕೊಲೆಯ ಲೆಕ್ಕ ನಿಜಕ್ಕಿಂತ ಕಡಿಮೆ ಇದೆಯೆಂದು ವಾದಿಸುವವರು ನ್ಯಾಯವಾಗಿ ನಮ್ಮ ಅಡಿಗೆಮನೆಗಳನ್ನು ತೋರಿಸಬೇಕು. ಅವರು ಹುಬ್ಬಳ್ಳಿಯ ಬಸ್ ನಿಲ್ದಾಣವನ್ನು ತೋರಿಸುತ್ತಾರೆ.

ಭಯದ ಬಡ್ಡಿಯನ್ನು ತೆರುವವರು ಯಾರೆಂಬುದನ್ನು ಈಗ ಹೇಳಬಹುದು. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹಳಗನ್ನಡದ ಪದ್ಯವನ್ನು ಒಡೆದು ಅನ್ವಯಿಸುವದರಲ್ಲಿ ಅವಳಷ್ಟು ಚುರುಕಾದವರನ್ನು ಈಚಿನ ವರ್ಷಗಳಲ್ಲಿ ನಾನು ಕಂಡಿಲ್ಲ. 2024ರಲ್ಲಿ ಬಿ.ಎ. ಮುಗಿಸಿದಳು, ಧಾರವಾಡಕ್ಕೆ ಹೋಗಿ ಎಂ.ಎ. ಮಾಡಬೇಕೆಂದಿದ್ದಳು. ಅರ್ಜಿಯನ್ನೂ ತರಿಸಿದ್ದಳು. ಏಪ್ರಿಲಿನ ಆ ಸುದ್ದಿಯ ನಂತರ ತಂದೆ ಒಲ್ಲೆನೆಂದರು. ನಾನು ಅವರ ಮನೆಗೆ ಹೋಗಿ ಕುಳಿತು ಮಾತಾಡಿದೆನು. ಅವರು ಕೆಟ್ಟವರಲ್ಲ, ಮಗಳನ್ನು ಕಣ್ಣೊಳಗಿಟ್ಟು ಬೆಳೆಸಿದವರು. “ಸರ್, ನೀವು ಹೇಳೂದು ಖರೇ. ಆದ್ರ ಟಿ.ವಿ.ಯಾಗ ದಿನಾ ತೋರಸ್ತಾರ. ನಾಳೆ ಏನರೆ ಆದ್ರ ನೀವು ಬಂದು ನಿಂದರತೀರೇನು?” ಎಂದರು. ಇದಕ್ಕೆ ನಾನು ಏನು ಉತ್ತರ ಕೊಡಲಿ? ಲಕ್ಷಕ್ಕೆ ಎರಡು ಎಂದು ಹೇಳಿದರೆ, ಆ ಎರಡರಲ್ಲಿ ನನ್ನ ಮಗಳು ಇರಲಾರಳೆಂದು ಬರೆದುಕೊಡು ಎನ್ನುತ್ತಾರೆ. ಅದೇ ವರ್ಷದ ದೀಪಾವಳಿಯ ಮುಂದೆ ಅವಳ ಮದುವೆಯಾಯಿತು. ಅವಳ ಸಂಗಡ ಓದಿದ ಇನ್ನೂ ಇಬ್ಬರ ಕಥೆ ಇದೇ. ಇವು ಯಾವ ಅಪರಾಧ ದಾಖಲೆಯಲ್ಲಿಯೂ ಬರುವದಿಲ್ಲ. ಗಂಡುಹುಡುಗರು ಮಾತ್ರ ಅದೇ ಧಾರವಾಡಕ್ಕೆ, ಅದೇ ಹುಬ್ಬಳ್ಳಿಯ ಮೇಲೆ ಹಾಯ್ದು, ನಿಶ್ಚಿಂತೆಯಿಂದ ಹೋದರು. ಹೋಗುವಾಗ ಮೋಟಾರ್ ಸೈಕಲ್ ಮೇಲೆ ಹೆಲ್ಮೆಟ್ಟಿಲ್ಲದೆ ಹೋದವರೂ ಇದ್ದಾರೆ. ದೇಶದಲ್ಲಿ ದಿನಕ್ಕೆ ಕೊಲೆಯಿಂದ 78 ಜನ ಸತ್ತ ವರ್ಷ, ರಸ್ತೆಯ ಅಪಘಾತಗಳಿಂದ ದಿನಕ್ಕೆ 460ಕ್ಕೂ ಹೆಚ್ಚು ಜನ ಸತ್ತರು. ಅದಕ್ಕಾಗಿ ಮಗನನ್ನು ಮನೆಯಲ್ಲಿ ಕೂಡ್ರಿಸಿದ ತಂದೆಯನ್ನು ನಾನು ಕಂಡಿಲ್ಲ.

ಊರೇ ಸುರಕ್ಷಿತ, ಮನೆಯೇ ಸುರಕ್ಷಿತ ಎನ್ನುವವರಿಗೆ ನಮ್ಮ ಕೊಕಟನೂರ ಯಲ್ಲಮ್ಮನ ಜಾತ್ರೆಯನ್ನು ನೆನಪು ಮಾಡಿಕೊಡಬೇಕಾಗುತ್ತದೆ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಸೀಮೆಯ ಹಳ್ಳಿಗಳು ತಮ್ಮ ಬಡ ಹೆಣ್ಣುಮಕ್ಕಳನ್ನು ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ಬಿಟ್ಟದ್ದು ತಲೆಮಾರುಗಳ ಮಾತು. ಅದನ್ನು ನಿಷೇಧಿಸಲು 1982ರಲ್ಲಿ ಕಾಯದೆಯೇ ಬೇಕಾಯಿತು. ಆ ಬಾಳುಗಳು ಹಾಳಾದದ್ದು ಪಟ್ಟಣದ ಅಪರಿಚಿತನಿಂದಲ್ಲ. ತಂದೆತಾಯಿ, ಗೌಡ, ಪೂಜಾರಿ ಎಲ್ಲರೂ ಸೇರಿ, ಹಗಲು ಹೊತ್ತಿನಲ್ಲಿ, ವಾದ್ಯ ಬಾರಿಸಿ ಮಾಡಿದ್ದು. ಯಾರೂ ಅದನ್ನು ಅಪರಾಧವೆಂದು ಎಣಿಸಲಿಲ್ಲ, ಆದುದರಿಂದ ಹಳ್ಳಿ ಶಾಂತವಾಗಿತ್ತು.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಬರುವ ಅತ್ಯಂತ ಬಲವಾದ ಆಕ್ಷೇಪವನ್ನು ನಾನೇ ಎತ್ತುತ್ತೇನೆ: ಸಾವನ್ನು ಸಂಖ್ಯೆಯಿಂದ ಅಳೆಯಬಹುದೇ? 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ, ತಮ್ಮ ಮನೆಯ ಬಾಗಿಲಲ್ಲಿಯೇ, ಎಂ. ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಆ ವರ್ಷ ದೇಶದಲ್ಲಿ ಆದ ಕೊಲೆಗಳು 32 ಸಾವಿರಕ್ಕೂ ಮೇಲೆ; ಅವುಗಳಲ್ಲಿ ಅದೊಂದು. ಆದರೆ ವಚನಗಳನ್ನು ಓದುವವರು, ಶಾಸನಗಳನ್ನು ಶೋಧಿಸುವವರು ಎಲ್ಲರೂ ಆ ದಿನ ಒಂದು ಸಲ ತಮ್ಮ ಬಾಗಿಲ ಚಿಲಕ ನೋಡಿಕೊಂಡರು. ಹಾಗೆ ನೋಡಿಕೊಳ್ಳಲಿ ಎಂಬುದೇ ಕೊಂದವರ ಉದ್ದೇಶ. 1209ರಲ್ಲಿ ಜನ್ನನು ಮುಗಿಸಿದ ಯಶೋಧರ ಚರಿತೆಯಲ್ಲಿ ಅರಸನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ. ಲೆಕ್ಕದಲ್ಲಿ ಅದು ಸೊನ್ನೆ. ಆದರೂ ಆ ಸಂಕಲ್ಪದ ಪಾಪ ಅವನನ್ನು ಜನ್ಮಜನ್ಮಾಂತರ ಅಟ್ಟಿಸಿಕೊಂಡು ಹೋಗುತ್ತದೆ. ಇದನ್ನು ವರ್ಷವರ್ಷ ಪಾಠ ಹೇಳುವ ನಾನು ಸಂಖ್ಯೆಯೇ ಸರ್ವಸ್ವವೆಂದು ಹೇಗೆ ಹೇಳಲಿ?

ನಾನು ಹೇಳುವದು ಬೇರೆ. ಒಂದು ಕೊಲೆಯ ಅರ್ಥ ದೊಡ್ಡದಾಗಿದ್ದರೆ ಆ ಅರ್ಥವನ್ನು ಹಿಡಿದು ಮಾತಾಡಿರಿ. ಅದನ್ನು ಸಂಖ್ಯೆಯ ವೇಷ ತೊಡಿಸಿ ತರಬೇಡಿರಿ. ಕಲಬುರ್ಗಿಯವರ ಕೊಲೆ ಭಯಾನಕವಾದದ್ದು ಅದು ಯಾಕಾಯಿತೆಂಬ ಕಾರಣಕ್ಕಾಗಿ; ಧಾರವಾಡದಲ್ಲಿ ಆ ವರ್ಷ ಕೊಲೆಗಳು ಹೆಚ್ಚಾದವೆಂಬ ಕಾರಣಕ್ಕಾಗಿ ಅಲ್ಲ. ಹುಬ್ಬಳ್ಳಿಯ ತರುಣಿಯರ ಕೊಲೆಯೂ ಹಾಗೆಯೇ: ‘ಒಲ್ಲೆ’ ಎಂಬ ಹೆಣ್ಣಿನ ಮಾತನ್ನು ಸಹಿಸದ ಗಂಡಸಿನ ಬಗ್ಗೆ ಮಾತಾಡಬೇಕಾಗಿದ್ದಲ್ಲಿ ನಾವು ಊರಿನ ಬಗ್ಗೆ, ಜಾತಿಧರ್ಮಗಳ ಬಗ್ಗೆ ಮಾತಾಡಿದೆವು. ಆ ಗಂಡಸು ಎಲ್ಲ ಊರುಗಳಲ್ಲಿಯೂ ಎಲ್ಲ ಧರ್ಮಗಳಲ್ಲಿಯೂ ಇದ್ದಾನೆ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿಯೂ ಇರಬಹುದು. ಅವನಿಗೆ ಯಾರೂ ಏನೂ ಹೇಳಲಿಲ್ಲ. ಹೇಳಿದ್ದೆಲ್ಲ ಹುಡುಗಿಯರಿಗೆ: ಮನೆಯಲ್ಲಿರು.

ಭಯಕ್ಕೆ ಇನ್ನೊಂದು ಬಡ್ಡಿಯೂ ಇದೆ. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಒಂದು ಕೂಸು ಕೊಲೆಯಾಯಿತು. ಆರೋಪಿ ಹೊರರಾಜ್ಯದಿಂದ ಬಂದ ಕೂಲಿಯವನು. ಅದೇ ದಿನ ಪೊಲೀಸರ ಗುಂಡಿಗೆ ಸತ್ತನು. ಓಡಿಹೋಗಲು, ಹಲ್ಲೆ ಮಾಡಲು ಯತ್ನಿಸಿದನೆಂದು ಪೊಲೀಸರು ಹೇಳಿದರು. ಜನ ಜಯಕಾರ ಮಾಡಿದರು. ಆ ಕೂಸಿನ ತಾಯಿಯ ಸಿಟ್ಟು ನನಗೆ ತಿಳಿಯುತ್ತದೆ. ಜಯಕಾರ ಮಾಡಿದ ನಾಗರಿಕರದು ತಿಳಿಯುವದಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಪುರಾವೆಗಳು ತೆರೆದುಕೊಳ್ಳುವ ಮುಂಚೆಯೇ ಕಥೆ ಮುಗಿಯಿತು. ದಿನದಿನವೂ ಹೆದರಿಸಲ್ಪಟ್ಟ ಜನ ಕೊನೆಗೆ ನ್ಯಾಯವನ್ನು ಕೇಳುವದಿಲ್ಲ, ಹೆಣಕ್ಕೆ ಹೆಣ ಕೇಳುತ್ತಾರೆ. ಅದನ್ನು ಕೊಟ್ಟ ಸರಕಾರಕ್ಕೆ ಠಾಣೆಯನ್ನು ಸುಧಾರಿಸುವ ಶ್ರಮವೂ ಉಳಿಯುತ್ತದೆ.

ಬೈದು ಮುಗಿಸುವದು ಸುಲಭ, ಮಾಡಬೇಕಾದದ್ದನ್ನೂ ಹೇಳುವೆನು. ಒಂದನೆಯದು ಪತ್ರಿಕೆಗಳಿಗೆ, ಈ ಪತ್ರಿಕೆಗೂ ಸೇರಿಸಿ: ಕೊಲೆಯ ಅಂಕಿ ಅಚ್ಚು ಹಾಕುವಾಗ ಅದರ ಪಕ್ಕದಲ್ಲಿ ಲಕ್ಷಕ್ಕೆ ಎಷ್ಟೆಂಬುದನ್ನೂ ಹಿಂದಿನ ಹತ್ತು ವರ್ಷಗಳ ಅಂಕಿಯನ್ನೂ ಹಾಕಿರಿ. ಎರಡು ಸಾಲು ಹೆಚ್ಚಾಗುತ್ತದೆ, ಅಷ್ಟೇ. ಎರಡನೆಯದು ಪೊಲೀಸರಿಗೆ: ಪ್ರತಿಯೊಂದು ಕೊಲೆಯಲ್ಲಿಯೂ ಸತ್ತವರು ಮುಂಚೆ ಫಿರ್ಯಾದು ಕೊಟ್ಟಿದ್ದರೇ, ಕೊಟ್ಟಿದ್ದರೆ ಏನು ಮಾಡಿದಿರಿ ಎಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಿರಿ. ಸರಕಾರವನ್ನು ತೂಗಬಹುದಾದ ನಿಜವಾದ ತಕ್ಕಡಿ ಅದು. ಒಟ್ಟು ಸಂಖ್ಯೆಯನ್ನು ಯಾವ ಮಂತ್ರಿಯೂ ಬೇಕೆಂದಾಗ ಇಳಿಸಲಾರನು, ಬಂದ ಫಿರ್ಯಾದನ್ನು ಬರೆದುಕೊಳ್ಳುವಂತೆ ಮಾಡಬಲ್ಲನು. ಮೂರನೆಯದು ಮುಖಂಡರಿಗೆ: ಹೆಣದ ಮನೆಗೆ ಹೋಗುವದಾದರೆ ಎಲ್ಲ ಹೆಣಗಳ ಮನೆಗೂ ಹೋಗಿರಿ, ಇಲ್ಲವೆ ಮನೆಯಲ್ಲಿ ಕುಳಿತು ಶೋಕಿಸಿರಿ.

ಕೊನೆಯದು ನಮ್ಮ ತಾಯಿತಂದೆಗಳಿಗೆ. ನಿಮ್ಮ ಭಯವನ್ನು ನಾನು ಹೀಯಾಳಿಸುವದಿಲ್ಲ. ಆದರೆ ಕಾರ್ಖಾನೆಯ ಕಾಟಾದ ಮುಂದೆ ನಿಂತು ಕಬ್ಬಿನ ತೂಕವನ್ನು ಕಣ್ಣಿಟ್ಟು ನೋಡುವ ನೀವು, ಮಗಳ ವಿದ್ಯೆಯನ್ನು ತೂಗುವಾಗ ಟಿ.ವಿ.ಯವನ ತಕ್ಕಡಿಯನ್ನು ನಂಬಬೇಡಿರಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮನ ಹೆಸರಿನದಿದೆ. ವಸತಿಗೃಹ ಹೇಗಿದೆ, ಕೊನೆಯ ಬಸ್ಸು ಎಷ್ಟಕ್ಕೆ ಬರುತ್ತದೆ, ಹುಡುಗಿಯೊಬ್ಬಳು ದೂರು ಕೊಟ್ಟರೆ ಕೇಳುವವರು ಯಾರು ಎಂಬುದನ್ನು ಹೋಗಿ ವಿಚಾರಿಸಿರಿ; ಉತ್ತರ ಸರಿಬರದಿದ್ದರೆ ಜಗಳ ಮಾಡಿರಿ, ನಾವೂ ಕೂಡಿ ಮಾಡುತ್ತೇವೆ. ಈ ವರ್ಷದ ಪ್ರವೇಶದ ಅರ್ಜಿಗಳು ಬಂದಾಗ ಮಗಳು ಒಂದನ್ನು ಹಿಡಿದು ನಿಮ್ಮ ಮುಂದೆ ನಿಲ್ಲುತ್ತಾಳೆ. ಸಹಿ ಮಾಡಿರಿ.